ಓದುವ ಮೇಜಿನ ಮೇಲೊಂದು ಕತ್ತರಿ

"ಇವತ್ತಿನ ಪೇಪರಿನ ನಡು ಹಾಳೆ ಎಲ್ಲಿ ಹೋಯ್ತು?" ಎಂದು ಪೇಪರ್ ತಾತ ಕೇಳಿದಾಗ, ಆ ಹಾಳೆ ಹೊಲಿಗೆಯಾಕೆಯ ಕೈಯಲ್ಲಿ ಅಂಗಿಯ ತೋಳಾಗಿ ನೇತಾಡುತ್ತಿತ್ತು.

ಅವಳು ರದ್ದಿ ಕಟ್ಟಿನಿಂದ ಎಳೆದುಕೊಂಡೆ ಅಂದುಕೊಂಡು, ಪಕ್ಕದಲ್ಲಿದ್ದ ಹೊಸ ಪೇಪರಿಗೇ ಕತ್ತರಿ ಹಾಕಿದ್ದಳು. ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುವ ತಾತ ನಾಲ್ಕು ದಿನದಿಂದ ಅವಳ ಕತ್ತರಿ ಸದ್ದಿಗೆ ಮೂಗು ಮುರಿಯುತ್ತಿದ್ದರು. ಇನ್ನು ಇವತ್ತಂತೂ ಕೇಳುವುದೇ ಬೇಡ.

"ಅದ್ರಲ್ಲಿ ನನ್ನ ಪದಬಂಧ ಇತ್ತು," ಎಂದರು.

ತಪ್ಪು ಅವಳದೇ, ಬಿಡಿ. ಆದರೆ ಅವಳೇನು ಚಟಕ್ಕೆ ಕತ್ತರಿ ಹಿಡಿದವಳಲ್ಲ. ಇಪ್ಪತ್ತು ವರ್ಷ ಗಂಡ ಬಟ್ಟೆ ಕತ್ತರಿಸಿದ, ಇವಳು ಹೊಲಿದಳು. ಅಂಗಡಿಗೆ ಅವನೇ ಮಾಸ್ಟರ್. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಮಾಸ್ಟರನ ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಕತ್ತರಿಸುವ ಅಳತೆಯ ಲೆಕ್ಕವೆಲ್ಲ ಅವನ ತಲೆಯೊಳಗೇ ಉಳಿಯಿತು. ಆಸ್ಪತ್ರೆಯ ಸಿಬ್ಬಂದಿಯ ಅಂಗಿಗಳನ್ನು ಮೊದಲಿನಿಂದಲೂ ಇವರೇ ಹೊಲಿಯುತ್ತಿದ್ದರು. "ಸೋಮವಾರ ನೀವೇ ಕತ್ತರಿಸಿದ ಅಂಗಿ ಒಂದು ತನ್ನಿ, ನೋಡೋಣ" ಎಂದಿದ್ದರು ಅಲ್ಲಿಯ ಮೇಲ್ವಿಚಾರಕಿ. ಆ ಕೆಲಸ ಕೈತಪ್ಪಿದರೆ ಅಂಗಡಿಯ ಬಾಗಿಲು ಹಾಕಿದಂತೆಯೇ.

ಕಟಿಂಗ್ ಕಲಿಸುವ ದಪ್ಪ ಪುಸ್ತಕವೊಂದು ಗ್ರಂಥಾಲಯದಲ್ಲಿತ್ತು. ಅದರ ಬೆನ್ನಿಗೆ 'ಇಲ್ಲೇ ಓದತಕ್ಕದ್ದು' ಎಂಬ ಕೆಂಪು ಚೀಟಿ. ಅವಳು ಪೆಚ್ಚುಮೋರೆ ಹಾಕಿಕೊಂಡು ನಿಂತಾಗ ಗ್ರಂಥಪಾಲಕಿ ಹೇಳಿದಳು: "ಪುಸ್ತಕ ಹೊರಗೆ ಹೋಗೋ ಹಾಗಿಲ್ಲ ಅಕ್ಕಾ. ಕತ್ತರಿ ಒಳಗೆ ಬರಬಾರ್ದು ಅಂತ ಎಲ್ಲೂ ಬರೆದಿಲ್ಲ."

ಎಂಥ ಹೆಣ್ಣುಮಗಳು! ಕಿಟಕಿ ಪಕ್ಕದ ಉದ್ದ ಮೇಜು ಖಾಲಿ ಮಾಡಿಸಿದಳು. ಕತ್ತರಿಸಿ ಕಲಿಯಲೆಂದು ಹಳೆ ಪೇಪರಿನ ಕಟ್ಟು ತಂದಿಟ್ಟಳು. ಚಿತ್ರಗಳು ಸಣ್ಣವೆಂದು ದೊಡ್ಡದು ಮಾಡಿ ಜೆರಾಕ್ಸ್ ತೆಗೆದಳು, ಕಾಲರ್ ಕೂರಿಸುವ ವಿಡಿಯೊ ಹುಡುಕಿ ಕಂಪ್ಯೂಟರಿನ ಮುಂದೆ ಕೂರಿಸಿದಳು. "ನನಗೋಸ್ಕರ ಇಷ್ಟೆಲ್ಲ..." ಎಂದರೆ, "ಇದೆಲ್ಲ ಮೊದಲಿಂದ್ಲೂ ಇದ್ದದ್ದೇ. ಯಾರೂ ಕೇಳ್ತಿರ್ಲಿಲ್ಲ, ಅಷ್ಟೆ," ಎಂದಳು.

ಎಲ್ಲ ಕೈಗೆ ಹತ್ತಿತು, ತೋಳೊಂದನ್ನು ಬಿಟ್ಟು. ಮನೆಯಲ್ಲಿ ಹೊಲಿದು ತೊಟ್ಟು ನೋಡಿದರೆ ಅದು ಕಂಕುಳಲ್ಲಿ ಹಿಡಿಯುತ್ತಿತ್ತು, ಯಾಕೆಂದು ತಿಳಿಯಲಿಲ್ಲ. ಆಗಲೇ ಶನಿವಾರ.

ಅವಳು ತಪ್ಪೊಪ್ಪಿಕೊಂಡು ತೋಳಿನ ಪಾಡು ಹೇಳಿದ ಮೇಲೆ, ತಾತ ಪೇಪರಿನ ತೋಳನ್ನು ತಿರುವಿ ನೋಡಿದರು. "ಮೇಜಿನ ಮೇಲೆ ಮಲಗಿಸಿದ್ರೆ ಏನಮ್ಮ ಗೊತ್ತಾಗುತ್ತೆ? ನನಗೆ ಹಾಕು. ಪದಬಂಧಾನೂ ನನ್ನ ಹತ್ರಾನೇ ಇರುತ್ತೆ."

ಅವಳು ಬೆನ್ನು, ಎದೆ, ತೋಳು ಎಲ್ಲವನ್ನೂ ಅವರ ಮೈಮೇಲಿಟ್ಟು ಗುಂಡುಸೂಜಿ ಚುಚ್ಚಿದಳು. ತಾತ ಕುರ್ಚಿಯಲ್ಲಿ ಕೂತು, ಉಳಿದ ಪೇಪರನ್ನು ಎಂದಿನಂತೆ ಎರಡೂ ಕೈ ಅಗಲಿಸಿ ಎತ್ತಿ ಹಿಡಿದರು. ಕಂಕುಳಲ್ಲಿ ಪರ್ರನೆ ಹರಿಯಿತು.

ಗ್ರಂಥಪಾಲಕಿ ನಕ್ಕಳು. ಹೊಲಿಗೆಯಾಕೆ ನಗಲಿಲ್ಲ. ಹರಿದ ಜಾಗದ ಮೇಲೆ ಬೆರಳಿಟ್ಟುಕೊಂಡೇ ಪುಸ್ತಕದ ಹಾಳೆ ಮಗುಚಿದಳು. ತೋಳಿನ ನೆತ್ತಿ, ಅಂದರೆ ಹೆಗಲಿಗೆ ಕೂಡುವ ಮೇಲಿನ ಉಬ್ಬು, ಎತ್ತರವಾದಷ್ಟೂ ಕೈ ಎತ್ತುವುದು ಕಷ್ಟ ಎಂಬ ಸಾಲು ಅಲ್ಲೇ ಇತ್ತು. ಹತ್ತು ಸಲ ಓದಿದ್ದಳು, ಈಗ ಅರ್ಥವಾಯಿತು. ನೆತ್ತಿ ತಗ್ಗಿಸಿ, ಅಗಲ ಹೆಚ್ಚಿಸಿ ಮತ್ತೊಂದು ಕತ್ತರಿಸಿದಳು, ಈ ಸಲ ತಾರೀಖು ನೋಡಿಕೊಂಡು. ತಾತ ಮತ್ತೆ ಪೇಪರ್ ಅಗಲಿಸಿದರು. ಹರಿಯಲಿಲ್ಲ.

ಸೋಮವಾರ ಮೇಲ್ವಿಚಾರಕಿ ಅಂಗಿಯನ್ನು ಆಳೊಬ್ಬನಿಗೆ ತೊಡಿಸಿ, ಬಗ್ಗಿಸಿ ಎಬ್ಬಿಸಿ ನೋಡಿ, ಕೆಲಸ ನಿಮಗೇ ಎಂದರು. ಅವಳು ಅಂಗಿ ಹಿಡಿದುಕೊಂಡು ಓಡೋಡಿ ಮನೆಗೆ ಬಂದು ಗಂಡನಿಗೆ ಹೇಳಿದಳು. ಮಾಸ್ಟರ್ ತಲೆಯಾಡಿಸಲಿಲ್ಲ. ಅಂಗಿ ಕೊಡು ಎಂಬಂತೆ ಎಡಗೈ ಚಾಚಿದ.

ಅವಳು ತೊಡಿಸಿ ಗುಂಡಿ ಹಾಕಿದಳು. ಅವನು ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟು ಹಿಡಿದು, ಮೆಲ್ಲಗೆ, ತಲೆಯ ಮೇಲಿನವರೆಗೂ ಎತ್ತಿದ. ಕಣ್ಣು ಮಾತ್ರ ಸೊಂಟದ ಹತ್ತಿರದ ಅಂಗಿಯ ಅಂಚಿನ ಮೇಲಿತ್ತು. ತೋಳು ಸರಿಯಿಲ್ಲದಿದ್ದರೆ ಕೈಯ ಜೊತೆಗೇ ಮೇಲೇಳಬೇಕಿದ್ದ ಅದು ಅಲ್ಲಾಡಲಿಲ್ಲ. ಅವನು ಕೈ ಇಳಿಸದೆ ಹಾಗೇ ನಿಂತಿದ್ದ.