ಐಕಾನ್ ಇಲ್ಲದ ಆ್ಯಪ್

ನನ್ನ ಮಗ ಪ್ರೇಮಕುಮಾರ ಹೆಂಡ್ತೀನ ಹೊಡೀತಾನ. ಹಡದವ್ವ ನಾನ ಹೇಳ್ತೀನಿ, ಮುಚ್ಚಿಡೂದು ನನ್ನ ಕೈಲೆ ಆಗಂಗಿಲ್ಲ. ಭೋಸರಿಯೊಳಗಿನ ಕಂಪನಿಯಿಂದ ಬಂದವನ ಮೊದಲು ಸೊಸಿ ಆರತಿ ಫೋನ್ ಕಸಗೊಂಡು, ಒಂದೊಂದ ಐಕಾನ್ ಒತ್ತಿ ನೋಡ್ತಾನ. ಹೊಸಾದು ಕಂಡ್ರ ಬೆಲ್ಟ್ ಬಿಚ್ಚತಾನ. ಹೋದ ದೀಪಾವಳಿಗೆ ಆಕಿ ಕೈ ಮುರದ. ಭಾಡ್ಯಾ, ಎಲ್ಲಿಂದ ನನ್ನ ಹೊಟ್ಟ್ಯಾಗ ಹುಟ್ಟಿದ್ನೋ!

ಇನ್ನೊಮ್ಮೆ ಹಿಂಗಾದ್ರ ಆಕಿ ಉಳಿಯಂಗಿಲ್ಲಂತ ನಮ್ಮ ಓಣಿ ಮೊಬೈಲ್ ಅಂಗಡಿ ರೇಣು ಹತ್ರ ಕರಕೊಂಡು ಹೋದೆ.

"ಆಯಿ, ಒಂದ ಆ್ಯಪ್ ಹಾಕಿ ಅದರ ಐಕಾನ್ ಬಚ್ಚಿಡ್ತೀನಿ," ಅಂದ್ಲು ರೇಣು. "ಒಳಗ ಇರತದ, ಪರದೆ ಮ್ಯಾಲ ಕಾಣಂಗಿಲ್ಲ. ಆರತಿ ವೈನಿ ಒಂದ ಗುರ್ತಿನ ಮಾತು ಅಂದ್ರ ಸಾಕು, ಅವರ ತಮ್ಮಗ ಫೋನ್ ಹೋಗತದ."

ಆಕಿ ತಮ್ಮ ಜೈಭೀಮ ಇಲ್ಲೇ ಹತ್ರ ನಿಗಡಿಯೊಳಗ ಗಾರೆ ಕೆಲಸ ಮಾಡ್ತಾನ. ಗುರ್ತಿನ ಮಾತು ಮಾತ್ರ ಆರತಿ ದಿನಾ ಆಡೂದು ಇರಬಾರದಂತ, ಇಲ್ಲಾಂದ್ರ ಸುಳ್ಳೇ ಫೋನ್ ಹೋಗತಿರತದ.

"ಗಂಡನ ಹೆಸರ ಇಡು," ಅಂದೆ ನಾನು. ನಮ್ಮೊಳಗ ಹೆಂಡ್ತಿ ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಕಡಿಮಿ ಆಗತದಂತ. ಮದುವ್ಯಾದಾಗಿಂದ ಆರತಿ ಒಮ್ಮೆನೂ ಹೇಳಿಲ್ಲ. "ಇಂಥಾವನ ಆಯುಷ್ಯ ಕಡಿಮ್ಯಾದ್ರ ಯಾರ ಗಂಟ ಹೋಗತದ?" ಅಂದೆ.

ಆ್ಯಪಿಗೆ ಆಕಿ ದನಿ ಕಲಸಬೇಕಿತ್ತು. ಸೆರಗ ಬಾಯಿಗೆ ಒತ್ಕೊಂಡು, ಇರಿವಿಗೂ ಕೇಳದಂಗ ಪಿಸುಗುಟ್ಟಿದ್ಲು. "ಜೋರ ಹೇಳ್ರಿ ವೈನಿ," ಅಂದ್ಲು ರೇಣು. ಮತ್ತ ಹಂಗ. ಕಡೀಕ ಆ ಪಿಸುಮಾತನ್ನ ಫೋನ್ ಒಪ್ಪಗೊಂಡ್ತು. ಆಕಿ ನಾಚಿಕಿ ನೋಡಿ ನಾವು ಬಿದ್ದ ಬಿದ್ದ ನಕ್ಕೇವಿ.

ಮಗನ ಸೂಟಿ ದಿನ, ಮಧ್ಯಾಹ್ನ. ನಳದ ಹತ್ರ ಇದ್ದೆ. ಆರತಿ ಚೀರಿದ್ದು ಕೇಳಿ ಓಡಿ ಬಂದ್ರ ಬಾಗಲಕ್ಕ ಒಳಗಿಂದ ಕೊಂಡಿ. ಕಿಟಕಿಯಾಗ ನೋಡ್ದೆ. ಆಕಿ ಕೂದಲ ಹಿಡದು ತಲಿ ಗೋಡಿಗೆ ಜಜ್ಜಲಿಕ್ಕತ್ತಿದ್ದ. ಗೋಡಿ ತುಂಬ ರಕ್ತ.

"ಫೋನಿನ ಚಾರ್ಜ್ ಯಾಕ ಇಷ್ಟ ಲಗೂ ಇಳೀತದ? ಏನ ಬಚ್ಚಿಟ್ಟಿ ಹೇಳು!"

"ಪ್ರೇಮಕುಮಾರಾ!" ಆರತಿ ಗಂಟಲ ಹರಕೊಂಡು ಚೀರಿದ್ಲು. ಫೋನ್ ನೆಲದ ಮ್ಯಾಲ ಸುಮ್ಮನ ಬಿದ್ದಿತ್ತು. ಮತ್ತ ಚೀರಿದ್ಲು. ಎಲ್ಲೀದು! ಅದು ಕಲತದ್ದು ಪಿಸುದನಿ, ಈ ಚೀರೂ ದನಿ ಅದಕ್ಕ ಗುರ್ತ ಇಲ್ಲ. ಅಂವ ಮಾತ್ರ ತನ್ನ ಹೆಸರು ಕೇಳಿ ಹುಚ್ಚನಾದ.

"ಹೆಸರ ಹಿಡದು ಕರೀತಿ? ನಾ ಸಾಯ್ಲೆಂತ?" ಆಕಿ ಎದಿ ಮ್ಯಾಲ ಕುಂತು ಎರಡೂ ಕೈಲೆ ಗಂಟಲ ಹಿಚುಕಿದ.

ಅಂಗಳದಾಗಿನ ರುಬ್ಬೂ ಗುಂಡು ಎತ್ತಿ ಬಾಗಲಕ್ಕ ಹಾಕಿದೆ. ಚಾಳಿನ ಬಾಜೂ ಮನಿಗಳ ಮಂದಿ ಸುತ್ತ ನಿಂತಿದ್ರು. "ಗಂಡ-ಹೆಂಡ್ತಿ ಜಗಳ ಉಂಡು ಮಲಗೂತನಕ," ಅಂತ ಒಬ್ಬಾಕಿ ಅಂದ್ಲು. ಉಣ್ಣಾಕ ಆಕಿ ಉಳದ್ರ ತಾನ, ಹಲ್ಕಟ್ ಮಂದಿ! ಮತ್ತ ಹಾಕಿದೆ.

ಬಾಗಲ ಬಾಜೂ ಕಿಟಕಿಯಾಗ ಕಂಡ್ತು, ಗಂಟಲ ಹಿಚುಕಿದ್ರೂ ಆರತಿ ತುಟಿ ಅಲ್ಲಾಡಿದ್ವು, ಅದ ಹೆಸರು. ಉಸಿರಿನಷ್ಟ ದನಿ, ಅಂಗಡ್ಯಾಗ ಹೇಳಿದಂಥಾದ್ದ. ಫೋನ್ ಬೆಳಕಾತು.

"ಅಕ್ಕಾ? ಅಕ್ಕಾ, ಬಂದೆ ತಡಿ!" ಸ್ಪೀಕರಿನಾಗ ಜೈಭೀಮನ ದನಿ ಖೋಲಿ ತುಂಬ ಆತು.

ಮಗ ಬೆಚ್ಚಿ ಕೈ ಸಡಲ ಬಿಟ್ಟ. ಆಕಿ ಉಸಿರ ಎಳಕೊಂಡ್ಲು. ಕೊಂಡಿ ಕಿತ್ತು ನಾನು ಒಳಗ ಬಿದ್ದೆ. ಅಂವ ಮತ್ತ ಆಕಿ ಗಂಟಲಕ್ಕ ಕೈ ಹಾಕಿದ. ಗುಂಡು ಎತ್ತಿ ಅವನ ಬೆನ್ನಿಗೆ ಹಾಕಿದೆ. ಎಲುಬು ಮುರದ ಸಪ್ಪಳ ಕೇಳಿಸ್ತು. ಎದ್ದಗಿದ್ದಾನಂತ ಇನ್ನೊಂದ ಹಾಕಿದೆ. ಉಳ್ಳಿ ಮೂಲ್ಯಾಗ ಬಿದ್ದ.

ಆರತಿ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತೆ. ಆಕಿ ಉಸಿರು ಬರತದೋ ಇಲ್ಲೋಂತ ಗಂಟಲದ ಮ್ಯಾಲ ಬೆರಳಿಟ್ಟಿದ್ದೆ. ಬರತಿತ್ತು. ಆ ಮೂಲ್ಯಾಗಿಂದ ಅಂವ, ಸಣ್ಣಾಂವ ಇದ್ದಾಗ ಜ್ವರ ಬಂದ್ರ ಕರೀತಿದ್ನಲ್ಲ, ಅದ ದನೀಲೆ ಕರದ.

"ಯವ್ವಾ, ನೀರ ಕೊಡ."

ನೀರಿನ ಕೊಡ ಕೈಗೆ ನಿಲುಕೂವಷ್ಟ ಹತ್ರ ಇತ್ತು. ಜೈಭೀಮ ಬರೂತನಕ ನಾನು ಆರತಿ ಗಂಟಲದ ಮ್ಯಾಲಿನ ಬೆರಳು ತಗೀಲಿಲ್ಲ.