ಉಸಿರು ಹಿಡಿದವಳು

ವಿಜಯಪುರದಲ್ಲಿ ಯೋಗದ ಕ್ಲಾಸು ನಡೆಸುವ ರಾಜೇಶ್ವರಿ ಅತ್ತದ್ದನ್ನು ಯಾರೂ ಕಂಡಿರಲಿಲ್ಲ. "ದುಃಖ ಬಂದ್ರ ಸಾಕ್ಷಿಯಾಗಿ ಕುಂತು ನೋಡ್ರಿ. ಬರ್ತೈತಿ, ಹೋಗ್ತೈತಿ," ಎಂದು ಎಲ್ಲರಿಗೂ ಕಲಿಸುವಳು. ಕಲಿಸಿದ್ದೇನೋ ಸರಿಯೇ. ತಾನು ಮಾತ್ರ ದುಃಖ ಹೊಸ್ತಿಲು ತುಳಿಯುವ ಮೊದಲೇ ಉಸಿರು ಬಿಗಿಹಿಡಿದು ಬಾಗಿಲು ಹಾಕಿಬಿಡುವಳು. ಅದನ್ನೇ ಸಮಚಿತ್ತ ಅಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ!

ಅವಳ ತಾಯಿ ಮುರಿಗೆವ್ವ ಘೋಣಸಗಿಯಲ್ಲಿ ತೀರಿಕೊಂಡಳು. ಬೆಳಿಗ್ಗೆ ಏಳಕ್ಕೆ ಮೈತೊಳೆದು, ಪದ್ಧತಿಯಂತೆ ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಚಕ್ಕಳಮಕ್ಕಳ ಕೂಡಿಸಿದ್ದರು. ರಾಜೇಶ್ವರಿಯೂ ಮಗ್ಗುಲಲ್ಲಿ ಹಾಗೆಯೇ ಕೂತು ಕಣ್ಣು ಮುಚ್ಚಿದಳು.

"ಅಕ್ಕಾ, ಒಂದೀಟು ಅತ್ತುಬಿಡು. ಎದಿ ಹಗುರಾಕ್ಕೈತಿ," ಎಂದ ತಮ್ಮ ಸಂಗು.

"ನಾ ಆರಾಮ ಅದೇನಿ," ಎಂದವಳೇ ಉಸಿರು ತಡೆದಳು.

ಮೂರು ಗಂಟೆಗೆ ಬಬಲೇಶ್ವರದಿಂದ ಮುರಿಗೆವ್ವನ ಅಕ್ಕ ಸೀತವ್ವ ಬಂದಳು. ಮುದುಕಿಗೆ ಎರಡೂ ಕಣ್ಣಿಲ್ಲ. ಗೋಡೆ ತಡವುತ್ತ ಬಂದು ಮೊದಲು ಹೆಣದ ಕೆನ್ನೆ ಮುಟ್ಟಿದಳು.

"ಕೆನ್ನಿ ತೊಯ್ದಾವಲ್ಲ! ಅಳು ರಾಜಿ, ಅಳು ಮಗಳ."

ಆಮೇಲೆ ರಾಜೇಶ್ವರಿಯ ಮುಖ ಸವರಿದಳು. ತಣ್ಣಗಿತ್ತು, ಒಣಗಿತ್ತು. ಮೂಗಿನ ಕೆಳಗೆ ಬೆರಳಿಟ್ಟಳು. ಉಸಿರಿರಲಿಲ್ಲ. ತಂದಿದ್ದ ಹೂವಿನ ಮಾಲೆಯನ್ನು ಅವಳ ಕೊರಳಿಗೇ ಹಾಕಿ, ಹಣೆಗೆ ವಿಭೂತಿ ಬಳಿದು, ಎದೆ ಬಡಿದುಕೊಂಡು ಹಾಡ್ಯಾಡಿ ಅಳತೊಡಗಿದಳು.

"ಏಳವ್ವ ನನ್ನ ತಂಗೆವ್ವ, ಮಗಳು ಅಳಾಕತ್ತಾಳ, ಕಣ್ಣೊರಸಾಕರ ಏಳವ್ವ..."

ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಯಾರೂ ತಡೆಯಲಿಲ್ಲ. ಅಯ್ಯೋ ಶಿವನೇ, ಇಬ್ಬರಲ್ಲಿ ಹೆಣ ಯಾವುದೆಂದು ಅವರಿಗೂ ಅನುಮಾನ ಬಂದಿತ್ತು!

ನಾನು ಸತ್ತಿಲ್ಲ ಎಂದು ಕೂಗಬೇಕೆಂದುಕೊಂಡಳು ರಾಜೇಶ್ವರಿ. ಹಿಡಿದ ಉಸಿರು ಬಿಡಲು ಬರಲಿಲ್ಲ. ಎಲ್ಲೋ ಜಂತಿಯ ಹತ್ತಿರದಿಂದ ನೋಡಿದ ಹಾಗೆ ಎಲ್ಲವೂ ಕಾಣುತ್ತಿತ್ತು: ಗೋಡೆಗೆ ಒರಗಿದ ಎರಡು ಹೆಣ, ಮಾಲೆ ಇದ್ದದ್ದು ತನ್ನದಕ್ಕೆ. ಕೈ ಎತ್ತಲು ನೋಡಿದಳು, ಕೆಳಗಿನ ಕೈ ಅಲುಗಲಿಲ್ಲ. ಇನ್ನು ಆ ಮೈಯೊಳಗೆ ಹೋಗಲು ಆಗುವುದೇ ಇಲ್ಲವೇನೋ ಎಂದು ಜೀವ ನಡುಗಿತು. ಆ ನಡುಕಕ್ಕೆ ಅವಳು ಬಾಗಿಲು ಹಾಕಲಿಲ್ಲ. ಅದರ ಹಿಂದೆಯೇ ದುಃಖ ಬಂತು. ಬರಲಿ ಎಂದು ಬಿಟ್ಟಳು.

"ಯವ್ವಾ!"

ಚೀರಿದ್ದು ತನ್ನದೇ ಬಾಯಿ.

ಸೀತವ್ವ ಹಾಡು ನಿಲ್ಲಿಸಿ ಕೈ ಹಿಂದೆಳೆದುಕೊಂಡಳು. "ನೀ ರಾಜಿ ಏನs? ಹಂಗಾರ ಇಷ್ಟೊತ್ತನ ಅಳಾಕತ್ತಿದ್ದಾಕಿ ಯಾರs?"

ರಾಜೇಶ್ವರಿ ಬಿಕ್ಕುತ್ತಲೇ ಹೊರಳಿ, ಸೆರಗಿನಿಂದ ತಾಯಿಯ ತೊಯ್ದ ಕೆನ್ನೆ ಒರೆಸಿದಳು. "ಸಾಕು ಬಿಡಬೇ ಯವ್ವಾ," ಎಂದಳು. "ಇನ್ನ ನಾ ಅಳತೀನಿ."