ಐದನೆಯ ಪ್ರಶ್ನೆಯ ಅಂಕಿಗಳು

ಶಿಕ್ಷಕಿ ಕೆಲಸದಿಂದ ನಿವೃತ್ತಳಾದ ಮೇಲೂ ಭಾನುವಾರ ಬೆಳಿಗ್ಗೆ ಅಂಕೋಲೆಯ ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯ ಒಂಬತ್ತು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ವಾರಕ್ಕೊಂದು ಸಣ್ಣ ಪರೀಕ್ಷೆ. ಹೋದ ವಾರ ಬೇಲೆಕೇರಿಯ ಪೂಜಾ ಐದನೆಯ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದಳು. ಭಿನ್ನರಾಶಿಯ ಛೇದದಲ್ಲಿ ಇನ್ನೊಂದು ಭಿನ್ನರಾಶಿ, ಅದರ ಛೇದದಲ್ಲಿ ಮತ್ತೊಂದು.

“ಬರ್ದೇ ಇಲ್ವಲ್ಲೇ, ಓದ್ಲಿಲ್ವಾ?” ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

ಅವಳ ಪಕ್ಕದಲ್ಲಿದ್ದ ನಿತೇಶ, “ಅಕ್ಕೋರೆ, ಅವ್ಳಿಗೆ ಕೆಳಗಿನ ಅಂಕಿ ಕಾಣೂದಿಲ್ಲ. ಶಾಲೇಲಿ ದಿನಾ ನಾನೇ ಓದಿ ಹೇಳ್ತೆ. ಪರೀಕ್ಷೇಲಿ ಹೇಳೂಕಾಗ್ತದ್ಯಾ?” ಎಂದ.

ಕಾಗದ ನೋಡಿದೆ. ಕೆಳಕ್ಕಿಳಿದಂತೆ ಅಚ್ಚು ಸಣ್ಣದಾಗುತ್ತ ಕೊನೆಯ ಅಂಕಿ ಸಾಸಿವೆಯಷ್ಟಾಗಿತ್ತು. ಅವಳ ದಪ್ಪ ಕನ್ನಡಕವನ್ನು ಒಂದು ವರ್ಷದಿಂದ ನೋಡುತ್ತಿದ್ದರೂ ನನಗೆ ಹೊಳೆದಿರಲಿಲ್ಲ.

“ನಿಂಗೆ ದೊಡ್ಡ ಅಕ್ಷರದ ಕಾಗದ ಮಾಡಿಸ್ತೆ.”

“ಬ್ಯಾಡ ಅಕ್ಕೋರೆ. ನಂಗೊಬ್ಳಿಗೇ ಬೇರೆ ಕಾಗದ ಕೊಟ್ರೆ ನಾ ಬರೂದೇ ಇಲ್ಲ.”

ಹೇಳಿದ್ದನ್ನು ಮಾಡುವ ಹುಡುಗಿ. ಮಂಗಳವಾರ ಬಸ್ಸು ಹತ್ತಿ ಕಾರವಾರಕ್ಕೆ ಹೋದೆ. ನನ್ನ ಪ್ರಶ್ನೆಪತ್ರಿಕೆಗಳನ್ನು ಟೈಪ್ ಮಾಡುವ ದೀಪಾಲಿಯ ಡಿಟಿಪಿ ಅಂಗಡಿ ಅಲ್ಲಿದೆ. ಒಬ್ಬ ಹುಡುಗಿಗೆ ಕೆಳಗಿನ ಅಂಕಿ ಕಾಣುವುದಿಲ್ಲವೆಂದು ಹೇಳಿದೆ.

“ನಾನಲ್ಲ ಅಕ್ಕೋರೆ, ಕಂಪ್ಯೂಟರೇ ಸಣ್ಣ ಮಾಡೂದು,” ಎಂದಳು ದೀಪಾಲಿ. ಇಡೀ ಲೆಕ್ಕವನ್ನು ಹಿಗ್ಗಿಸಿದಳು. ಮೇಲಿನ ಎರಡರ ಅಂಕಿ ಕುಂಬಳಕಾಯಿಯಂತಾಯಿತು. ಅಡಿಯ ಐದರ ಅಂಕಿ ಇನ್ನೂ ಸಣ್ಣದೇ. “ನೋಡಿ, ಅಜ್ಜಿಗೇ ಊಟ ಎಲ್ಲಾ ಹೋಯ್ತು, ಮೊಮ್ಮಗು ಉಪವಾಸ!”

ಆಮೇಲೆ ಒಂದೊಂದೇ ಅಂಕಿಯನ್ನು ಹಿಡಿದು ಎಲ್ಲವನ್ನೂ ಒಂದೇ ಅಳತೆಗೆ ತಂದಳು. ಗೆರೆಗಳನ್ನು ಮಾತ್ರ ಕೆಳಕ್ಕಿಳಿದಂತೆ ಗಿಡ್ಡ ಮಾಡಿದಳು, ಯಾವುದು ಯಾವುದರ ಛೇದವೆಂದು ತಿಳಿಯಲಿ ಎಂದು. ಲೆಕ್ಕ ಅರ್ಧ ಪುಟ ಹಿಡಿಯಿತು.

“ಒಂದು ಹಾಳೇಲಿ ಹಿಡಿಯೂದಿಲ್ಲ. ಒಬ್ಳಿಗೆ ಮಾತ್ರ ಎರಡು ಹಾಳೆ ಮಾಡ್ವಾ?”

ಪೂಜಾ ಹೇಳಿದ್ದನ್ನು ಹೇಳಿದೆ. ದೀಪಾಲಿ ಪರದೆಯ ಮೇಲೆ ಇನ್ನೊಂದು ಪುಟ ತೆರೆದಳು.

“ಹಾಗಾದ್ರೆ ಒಂಬತ್ತು ಜನರಿಗೂ ಎರಡು ಹಾಳೆ. ಉಳಿದ ಪ್ರಶ್ನೆನೂ ದೊಡ್ಡ ಮಾಡ್ತೆ. ಐದನೇದು ಒಂದೇ ದೊಡ್ಡ ಇದ್ರೆ ಮಕ್ಕಳಿಗೆ ಗೊತ್ತಾಗ್ತದೆ.”

ಅದು ನನಗೆ ತೋಚಿರಲಿಲ್ಲ. ಅವಳ ಊಟದ ಡಬ್ಬಿ ಮೂರು ಗಂಟೆಯವರೆಗೂ ಮೇಜಿನ ಮೇಲೆ ಮುಚ್ಚಿಯೇ ಇತ್ತು.

ಭಾನುವಾರ ಅದೇ ಪರೀಕ್ಷೆಯ ಹೊಸ ಕಾಗದ ಹಂಚಿದೆ. “ಇದೆಂತ ಅಕ್ಕೋರೆ, ಒಂದನೇ ಕ್ಲಾಸಿನ ಪುಸ್ತಕವಾ?” ಎಂದ ನಿತೇಶ. ಎಲ್ಲರೂ ನಕ್ಕರು, ಪೂಜಾನೂ ನಕ್ಕಳು. ಆಮೇಲೆ ಯಾರನ್ನೂ ಕೇಳದೆ ಐದನೆಯ ಲೆಕ್ಕವನ್ನು ಕೆಳಗಿನಿಂದ ಶುರು ಮಾಡಿದಳು.

ಉತ್ತರ ನೂರ ಐವತ್ತೇಳರ ಕೆಳಗೆ ಅರವತ್ತೆಂಟು ಬರಬೇಕಿತ್ತು. ಅವಳದ್ದು ಬರಲಿಲ್ಲ. ಮೂರರಲ್ಲಿ ಒಂದು ಅಂಕ ಕಳೆದೆ. ಕಾಗದ ಹಿಡಿದುಕೊಂಡು ಬಂದಳು.

“ಅಕ್ಕೋರೆ, ಒಂದು ಅಂಕ ಎಲ್ಲಿ ಹೋಯ್ತು?”

“ಕೊನೇಲಿ ಭಿನ್ನರಾಶಿ ತಿರುಗಿಸ್ಲಿಲ್ಲ ನೀನು.”

ಕಾಗದವನ್ನು ಕನ್ನಡಕದ ಹತ್ತಿರ ತಂದು ನೋಡಿದಳು. “ಹೌದ್ರಾ! ಕಾಣ್ತಿತ್ತು, ಆದ್ರೂ ಬಿಟ್ಟೆ,” ಎಂದು ತನಗೆ ತಾನೇ ಬೈದುಕೊಂಡು, ಪೆನ್ಸಿಲ್ಲಿಗಾಗಿ ನಿತೇಶನತ್ತ ಕೈ ಚಾಚಿದಳು.